ನುರಿತ ದಾದಿಯ ಎರಡನೆಯ ವಿದ್ಯಾಭ್ಯಾಸ: ಠಾಣೆ, ಧಾರವಾಡ, ಬೆಂಗಳೂರು

೧

ಮುಂಬಯಿಯಲ್ಲಿಯೂ ಅದರ ಉಪನಗರಗಳಲ್ಲಿಯೂ ಒಬ್ಬನ ಮಾತು ವಿಪರೀತವಾಗಿ ತೋರಿದರೆ ‘ಇವನನ್ನು ಠಾಣೆಗೆ ಕಳುಹಿಸಬೇಕು’ ಎಂದು ಹಾಸ್ಯ ಮಾಡುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ಬೆಳಗಾವಿ, ವಿಜಾಪುರ, ಹುಬ್ಬಳ್ಳಿಗಳ ಕಡೆಯಿಂದ ಇಲ್ಲಿಗೆ ಬಂದು ನೆಲಸಿದವರಿಗೆ ಈ ಮಾತು ಹೊಸದಲ್ಲ. ಅವರ ಸೀಮೆಯಲ್ಲಿ ಇದೇ ಹಾಸ್ಯವು ‘ಧಾರವಾಡಕ್ಕೆ ಕಳಿಸಬೇಕು’ ಎಂಬ ರೂಪದಲ್ಲಿದೆ. ಕೆರೆಗಳಿಗೆ ಹೆಸರಾದ ಒಂದು ಊರು, ಕವಿಗಳಿಗೆ ಹೆಸರಾದ ಇನ್ನೊಂದು ಊರು, ಎರಡೂ ಜನರ ನಾಲಿಗೆಯ ಮೇಲೆ ಒಂದೊಂದು ಆಸ್ಪತ್ರೆಯಾಗಿ ಉಳಿದುವು. ಈ ಹಾಸ್ಯದಲ್ಲಿ ರೋಗಿಯಿದ್ದಾನೆ, ಗೋಡೆಯಿದೆ, ಬಾಗಿಲಿದೆ. ಗೋಡೆಯ ಒಳಗೆ ಹಗಲಿರುಳು ರೋಗಿಯ ಬಳಿಯಲ್ಲಿರುವ ದಾದಿಯ ನೆನಪು ಮಾತ್ರ ಇಲ್ಲ. ಆ ದಾದಿಗೆ ತನ್ನ ಕೆಲಸವನ್ನು ಕಲಿಸಿದವರಾರು, ಯಾವಾಗ, ಎಲ್ಲಿ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿ ಹೊರಟರೆ ಠಾಣೆಯಿಂದ ಧಾರವಾಡದ ಮೂಲಕ ಬೆಂಗಳೂರಿಗೆ ಹೋಗಬೇಕಾಗುತ್ತದೆ.

ಧಾರವಾಡದ ಆಸ್ಪತ್ರೆಯ ಆರಂಭ ೧೮೪೫ರಲ್ಲಿ, ಠಾಣೆಯದು ೧೯೦೧ರಲ್ಲಿ. ಠಾಣೆಯ ಸಂಸ್ಥೆಯು ನರೋತ್ತಮದಾಸ ಮಾಧವದಾಸರ ಹೆಸರನ್ನು ಪಡೆದು ಬಹುಕಾಲ ಆ ಹೆಸರಿನಿಂದಲೇ ಪ್ರಸಿದ್ಧವಾಗಿದ್ದಿತು. ಈಗ ಅದು ಮಹಾರಾಷ್ಟ್ರ ಸರಕಾರದ ಪ್ರಾದೇಶಿಕ ಮಾನಸಿಕ ಆಸ್ಪತ್ರೆ. ಪುಣೆ, ನಾಗಪುರ, ರತ್ನಾಗಿರಿಗಳ ಆಸ್ಪತ್ರೆಗಳೊಡನೆ ರಾಜ್ಯದ ನಾಲ್ಕು ಇಂಥ ಸಂಸ್ಥೆಗಳಲ್ಲಿ ಒಂದು. ಅದಕ್ಕೆ ಮಂಜೂರಾದ ಹಾಸಿಗೆಗಳ ಸಂಖ್ಯೆ ೧೮೫೦. ೧೯೫೬ರ ವರೆಗೆ ಧಾರವಾಡವೂ ಠಾಣೆಯೂ ಒಂದೇ ಮುಂಬಯಿ ಸರಕಾರದ ಆಡಳಿತದಲ್ಲಿದ್ದುವೆಂಬುದನ್ನು ಇಲ್ಲಿ ಗಮನಿಸಬೇಕು. ಎರಡರ ಇತಿಹಾಸವೂ ಅರ್ಧಶತಮಾನಕ್ಕೂ ಮೇಲ್ಪಟ್ಟು ಒಂದೇ ಕಾಯಿದೆ, ಒಂದೇ ಬಗೆಯ ವ್ಯವಸ್ಥೆಗಳ ಇತಿಹಾಸ.

ಆ ಕಾಯಿದೆಗಳ ಮುಖ್ಯ ಉದ್ದೇಶ ಬಂಧನ. ೧೮೫೮ರ ಕಾಯಿದೆಯು ಹುಚ್ಚರೆಂದು ನಿರ್ಣೀತರಾದವರನ್ನು ಎಲ್ಲಿ, ಯಾರ ಆಜ್ಞೆಯಿಂದ ಇರಿಸಬೇಕೆಂಬುದನ್ನು ವಿಧಿಸಿತು; ೧೯೧೨ರ ಕಾಯಿದೆಯು ಅದನ್ನೇ ವಿಸ್ತರಿಸಿ ಕ್ರಮಗೊಳಿಸಿತು. ಇಂಥ ಸ್ಥಳದಲ್ಲಿ ಬೇಕಾಗಿದ್ದವನು ಕಾವಲುಗಾರ. ರೋಗಿ ಓಡಿಹೋಗದಂತೆ, ಇತರರನ್ನು ಹೊಡೆಯದಂತೆ, ತನ್ನ ಪ್ರಾಣಕ್ಕೆ ತಾನೇ ಅಪಾಯ ಮಾಡಿಕೊಳ್ಳದಂತೆ ನೋಡಿಕೊಂಡರೆ ಅವನ ಕರ್ತವ್ಯ ಮುಗಿಯಿತು. ಅದಕ್ಕೆ ಮೈಕಟ್ಟು ಬೇಕು, ಎಚ್ಚರ ಬೇಕು. ಶಾಸ್ತ್ರದ ಕಲಿಕೆ ಬೇಕೆಂದು ಯಾರಿಗೂ ತೋರಲಿಲ್ಲ. ಬೆಂಗಳೂರಿನ ಸಂಸ್ಥೆಗೆ ೧೯೨೫ರಲ್ಲಿ ‘ಮಾನಸಿಕ ಆಸ್ಪತ್ರೆ’ ಎಂಬ ಹೆಸರು ಬಂದಿತು. ಆ ಕಾಲದಲ್ಲಿ ದೇಶದ ಇತರ ಕಡೆಗಳಲ್ಲಿಯೂ ಹಳೆಯ ಹೆಸರುಗಳು ಹೀಗೆಯೇ ಬದಲಾದುವು. ಆದರೆ ಫಲಕ ಬದಲಾದ ಮಾತ್ರಕ್ಕೆ ಕಾವಲುಗಾರನು ಶುಶ್ರೂಷಕನಾಗುವುದಿಲ್ಲ.

೨

ಈ ಪರಿವರ್ತನೆಯನ್ನು ಅನಿವಾರ್ಯಗೊಳಿಸಿದುದು ಚಿಕಿತ್ಸಾಕ್ರಮದ ಬದಲಾವಣೆ. ವಿಯೆನ್ನಾದ ಸಾಕೆಲ್ ೧೯೩೩ರಲ್ಲಿ ಇನ್‌ಸುಲಿನ್ ಚಿಕಿತ್ಸೆಯನ್ನೂ, ರೋಮಿನ ಚೆರ್ಲೆಟ್ಟಿ ಮತ್ತು ಬಿನಿ ೧೯೩೮ರಲ್ಲಿ ವಿದ್ಯುತ್ ಚಿಕಿತ್ಸೆಯನ್ನೂ ಪ್ರಕಟಪಡಿಸಿದರು. ಇನ್‌ಸುಲಿನ್ ಚಿಕಿತ್ಸೆಯಲ್ಲಿ ರೋಗಿಯ ರಕ್ತದ ಸಕ್ಕರೆಯನ್ನು ಬೇಕೆಂದೇ ಇಳಿಸಿ, ಅವನನ್ನು ಮೂರ್ಛೆಗೆ ಒಯ್ದು, ಗೊತ್ತಾದ ಹೊತ್ತಿಗೆ ಸಕ್ಕರೆ ಕೊಟ್ಟು ಎಚ್ಚರಿಸಬೇಕಾಗಿದ್ದಿತು. ನಾಡಿ, ಉಸಿರು, ಕಣ್ಣಿನ ಪಾಪೆ, ಬೆವರು ಇವುಗಳ ಮೇಲೆ ಕ್ಷಣಕ್ಷಣಕ್ಕೂ ಕಣ್ಣಿಡಬೇಕು. ತಡವಾದರೆ ರೋಗಿ ಉಳಿಯುವುದಿಲ್ಲ. ಇದು ಕಾವಲುಗಾರನ ಕೈಯಲ್ಲಿ ಆಗುವ ಕೆಲಸವಲ್ಲ. ಮುಂದೆ ಈ ಕ್ರಮವು ಬಳಕೆಯಿಂದ ಮರೆಯಾಯಿತು. ಆದರೂ ಮನೋರೋಗಿಯ ಬಳಿ ತರಬೇತಾದ ದಾದಿಯೇ ಇರಬೇಕೆಂಬ ಪಾಠವನ್ನು ಅದು ಆಸ್ಪತ್ರೆಗಳಿಗೆ ಕಲಿಸಿತು. ೧೯೫೨ರಲ್ಲಿ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೋಮಜೈನ್ ಎಂಬ ಔಷಧದ ಗುಣ ತಿಳಿದುಬಂದ ಮೇಲೆ ಕೆಲಸದ ಸ್ವರೂಪವೇ ಬೇರೆಯಾಯಿತು. ಉದ್ರೇಕ ಶಮನವಾಯಿತು, ಶಾಂತನಾದ ರೋಗಿಯೊಡನೆ ಮಾತನಾಡಬಹುದಾಯಿತು. ಮಾತನಾಡುವುದು ಹೇಗೆಂಬ ಪ್ರಶ್ನೆಯೂ ಒಡನೆಯೇ ಎದ್ದಿತು.

ಸಾಮಾನ್ಯ ಶುಶ್ರೂಷೆಯಲ್ಲಿ ಹತ್ತು ವರ್ಷ ಪಳಗಿದ ದಾದಿಗೂ ಈ ಪ್ರಶ್ನೆ ಸುಲಭವಲ್ಲ. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ರೋಗಿ ತನ್ನ ನೋವನ್ನು ತಾನೇ ಹೇಳುತ್ತಾನೆ, ದಾದಿ ಬಂದರೆ ಹಿಗ್ಗುತ್ತಾನೆ. ಇಲ್ಲಿ ರೋಗಿಗೆ ತನಗೆ ರೋಗವಿದೆಯೆಂದೇ ಒಪ್ಪಿಗೆಯಿಲ್ಲ. ಔಷಧ ಹಿಡಿದು ಬಂದವಳು ವಿಷ ಹಿಡಿದು ಬಂದವಳಂತೆ ಅವನಿಗೆ ಕಾಣಬಹುದು. ಅಲ್ಲಿ ತ್ವರೆಯೇ ಗುಣ. ಇಲ್ಲಿ ಅನೇಕ ವೇಳೆ ಸುಮ್ಮನೆ ಬಳಿಯಲ್ಲಿ ಕುಳಿತಿರುವುದೇ ಚಿಕಿತ್ಸೆ. ಅಲ್ಲಿ ಗಲಾಟೆ ಮಾಡುವವನು ಗಮನ ಬೇಡುವವನು. ಇಲ್ಲಿ ಮೂಲೆಯಲ್ಲಿ ಮೌನವಾಗಿರುವವನೇ ಹೆಚ್ಚು ಅಪಾಯದಲ್ಲಿರಬಹುದು. ಹೀಗಾಗಿ ಹಿಂದಿನ ಅನುಭವವು ಅರ್ಧ ನೆರವು, ಅರ್ಧ ತೊಡಕು. ನುರಿತವಳು ಮತ್ತೆ ವಿದ್ಯಾರ್ಥಿನಿಯಾಗಬೇಕಾದ ಅಗತ್ಯ ಹುಟ್ಟಿದುದು ಇಲ್ಲಿಂದ.

೩

ಭಾರತದಲ್ಲಿ ಇದಕ್ಕಾಗಿ ನಡೆದ ಮೊದಲ ಪ್ರಯತ್ನಗಳು ಚದರಿದ ಪ್ರಯತ್ನಗಳು. ರಾಂಚಿಯಲ್ಲಿ ೧೯೨೦ರ ದಶಕದಲ್ಲಿ ಕೆಲವು ತಿಂಗಳ ತರಬೇತಿಯನ್ನು ಕೊಡುತ್ತಿದ್ದರು. ಮದರಾಸಿನಲ್ಲಿ ೧೯೪೩ರಲ್ಲಿ ಪುರುಷ ವಿದ್ಯಾರ್ಥಿಗಳಿಗೆ ಪ್ರಸೂತಿ ಶಿಕ್ಷಣದ ಬದಲಾಗಿ ಮೂರು ತಿಂಗಳ ಮನೋರೋಗ ಶುಶ್ರೂಷೆಯ ಪಾಠಕ್ರಮವನ್ನು ಏರ್ಪಡಿಸಲಾಯಿತು. ೧೯೪೮ರಿಂದ ೧೯೫೦ರ ವರೆಗಿನ ಅವಧಿಯಲ್ಲಿ ಭಾರತ ಸರಕಾರವು ನಾಲ್ವರು ದಾದಿಯರನ್ನು ಇಂಗ್ಲೆಂಡಿಗೆ ಕಳುಹಿಸಿತು. ಲಖನೌದ ನೂರ್ ಮಂಜಿಲ್ ಕೇಂದ್ರದಲ್ಲಿ ೧೯೫೪ರಲ್ಲಿ ನಾಲ್ಕಾರು ವಾರಗಳ ಪರಿಚಯ ಪಾಠಗಳು ನಡೆದುವು.

ಕೊರತೆಯ ಪ್ರಮಾಣವನ್ನು ಅರಿಯಲು ೧೯೪೬ರ ಭೋರ್ ಸಮಿತಿಯ ವರದಿಯ ಅಂಕೆಗಳು ಸಾಕು. ಆಗ ಬ್ರಿಟಿಷ್ ಭಾರತದಲ್ಲಿ ೧೯ ಮಾನಸಿಕ ಆಸ್ಪತ್ರೆಗಳೂ ಅವುಗಳಲ್ಲಿ ಒಟ್ಟು ಸುಮಾರು ಹತ್ತು ಸಾವಿರ ಹಾಸಿಗೆಗಳೂ ಇದ್ದುವು. ಇಂಗ್ಲೆಂಡಿನಲ್ಲಿ ೩೦೦ ಜನರಿಗೆ ಒಂದು ಹಾಸಿಗೆಯಿದ್ದರೆ ಇಲ್ಲಿ ಸುಮಾರು ೪೦,೦೦೦ ಜನರಿಗೆ ಒಂದು. ಎಲ್ಲ ಬಗೆಯ ದಾದಿಯರನ್ನೂ ಕೂಡಿಸಿದರೆ ಇಡೀ ದೇಶಕ್ಕೆ ೭,೦೦೦ ಮಂದಿ; ಅಂದರೆ ೪೩,೦೦೦ ಜನರಿಗೆ ಒಬ್ಬ ದಾದಿ. ಸಾಮಾನ್ಯ ಆಸ್ಪತ್ರೆಗೇ ದಾದಿಯರಿಲ್ಲದ ಕಾಲದಲ್ಲಿ, ಇರುವವರಲ್ಲಿ ಒಬ್ಬಳನ್ನು ವರ್ಷಕಾಲ ವಾರ್ಡಿನಿಂದ ಬಿಡಿಸಿ ಮತ್ತೆ ಓದಲು ಕಳುಹಿಸುವುದು ಯಾವ ಅಧಿಕಾರಿಗೂ ದುಬಾರಿಯಾಗಿ ಕಂಡರೆ ಆಶ್ಚರ್ಯವಿಲ್ಲ.

ಈ ಹಿನ್ನೆಲೆಯಲ್ಲಿ ಬೆಂಗಳೂರಿನ ಪ್ರಯತ್ನದ ಮಹತ್ತ್ವ ತಿಳಿಯುತ್ತದೆ. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಮಗ್ಗುಲಲ್ಲಿಯೇ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ಆ ಆಸ್ಪತ್ರೆಯನ್ನು ನಡೆಸಿಕೊಂಡು ಬಂದಿದ್ದ ಡಾ. ಎಂ. ವಿ. ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರು. ವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ೧೯೫೫ರಲ್ಲಿ ಪಾಠಗಳು ಆರಂಭವಾದುವು. ದಾದಿಯರಿಗಾಗಿ ಒಂದು ವರ್ಷದ ಮನೋರೋಗ ಶುಶ್ರೂಷಾ ಡಿಪ್ಲೊಮಾ ೧೯೫೬ರಲ್ಲಿ. ಸಾಮಾನ್ಯ ಶುಶ್ರೂಷೆಯಲ್ಲಿ ತೇರ್ಗಡೆ ಹೊಂದಿ ನೋಂದಣಿ ಪಡೆದವರಿಗೆ ಮಾತ್ರ ಪ್ರವೇಶ. ವೈದ್ಯ, ಮನಶ್ಶಾಸ್ತ್ರಜ್ಞ, ದಾದಿ ಮೂವರೂ ಒಂದೇ ಆವರಣದಲ್ಲಿ, ಒಂದೇ ರೋಗಿಯ ಸುತ್ತ ಕಲಿಯುವ ಈ ಏರ್ಪಾಡು ದೇಶಕ್ಕೆ ಹೊಸದು.

ಅದೇ ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಧಾರವಾಡವು ಮುಂಬಯಿ ಸರಕಾರದ ಕೈಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಕನ್ನಡಿಗರ ಏಕೀಕರಣದ ಸಂತೋಷದ ದಿನ ಅದು. ಆದರೆ ಒಂದೇ ಆಡಳಿತದಲ್ಲಿ ಬೆಳೆದಿದ್ದ ಎರಡು ಆಸ್ಪತ್ರೆಗಳು ಅಂದಿನಿಂದ ಎರಡು ರಾಜ್ಯಗಳ ಆಯವ್ಯಯದಲ್ಲಿ ಬೇರೆ ಬೇರೆ ಬಾಬುಗಳಾದುವೆಂಬುದೂ ನಿಜ. ಆಡಳಿತದ ಗೆರೆಗಳು ಹೀಗೆ ಬದಲಾಗುತ್ತಿದ್ದ ವರ್ಷದಲ್ಲಿಯೇ ಬೆಂಗಳೂರಿನಲ್ಲಿ ಅಖಿಲ ಭಾರತವೆಂಬ ಹೆಸರಿನ ಸಂಸ್ಥೆಯೊಂದು ದಾದಿಯರ ತರಗತಿಯನ್ನು ತೆರೆಯಿತು.

೪

ಈ ಕಲಿಕೆಯಲ್ಲಿ ದಾದಿಯು ಕಳೆದುಕೊಳ್ಳುವುದೂ ಉಂಟು. ನಿನ್ನೆಯ ವರೆಗೆ ವಾರ್ಡಿನ ಬೀಗದ ಕೈ ಹಿಡಿದು ಕಿರಿಯರಿಗೆ ಆಜ್ಞೆ ಕೊಡುತ್ತಿದ್ದವಳು ಇಂದು ಬೆಂಚಿನ ಮೇಲೆ ಕುಳಿತು ಟಿಪ್ಪಣಿ ಬರೆದುಕೊಳ್ಳಬೇಕು. ಮನೆಯಲ್ಲಿ ಮಕ್ಕಳು, ಮುದುಕರು; ದೂರದ ಊರಿನಲ್ಲಿ ವಿದ್ಯಾರ್ಥಿನಿಲಯ. ಮೂವತ್ತು, ನಲವತ್ತರ ವಯಸ್ಸಿನಲ್ಲಿ ಪರೀಕ್ಷೆಯ ಭಯ. ವ್ಯಾಸಂಗ ಮುಗಿಸಿ ಹಿಂದಿರುಗಿದ ಮೇಲೆ ತಾನು ಕಲಿತ ವಾರ್ಡಿಗೇ ತನ್ನನ್ನು ನೇಮಿಸುವರೋ, ಜ್ವರದ ವಾರ್ಡಿಗೆ ಕಳುಹಿಸುವರೋ ಎಂಬುದು ಅವಳ ಕೈಯಲ್ಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕು ಭಾಷೆಯದು. ಜ್ವರವನ್ನು ಅಳೆಯುವ ಕೊಳವೆಗೆ ಮರಾಠಿ, ಕನ್ನಡಗಳ ಭೇದ ತಿಳಿಯದು. ಮನಸ್ಸಿನ ರೋಗವನ್ನು ಅಳೆಯುವ ಉಪಕರಣವೋ ಮಾತು. ರೋಗಿಯ ಭಯ, ಭ್ರಮೆ, ಪಾಪಪ್ರಜ್ಞೆ ಇವೆಲ್ಲವೂ ಅವನ ತಾಯ್ನುಡಿಯ ಗಾದೆ, ದೈವ, ಬೈಗುಳಗಳಲ್ಲಿಯೇ ಹೊರಬೀಳುತ್ತವೆ. ‘ಮೈಮೇಲೆ ಬಂದಿದೆ’ ಎಂಬ ಮಾತು ಭಕ್ತಿಯೋ ರೋಗವೋ ಎಂಬುದನ್ನು ಆ ಜನರ ನಡವಳಿಕೆಯನ್ನು ಬಲ್ಲವಳೇ ಹೇಳಬೇಕು. ಡಿಪ್ಲೊಮಾದ ಪಾಠವು ಇಂಗ್ಲಿಷಿನಲ್ಲಿ. ಬೆಂಗಳೂರಿನ ವಾರ್ಡಿನ ಮಾತು ಕನ್ನಡ, ತಮಿಳು, ತೆಲುಗು, ಉರ್ದುಗಳಲ್ಲಿ. ಠಾಣೆಯ ವಾರ್ಡಿನಲ್ಲಿ ಮರಾಠಿಯ ಜೊತೆಗೆ ಗುಜರಾತಿ, ಹಿಂದಿ, ಕೊಂಕಣಿಗಳು ಸೇರುತ್ತವೆ. ಉದ್ಯೋಗಕ್ಕಾಗಿ ವಲಸೆ ಬಂದವರ ಈ ಪ್ರದೇಶದಲ್ಲಿ, ಡೊಂಬಿವಲಿಯ ಒಂದು ಕೋಣೆಯ ಮನೆಯಿಂದಲೋ ಕಲ್ಯಾಣದ ಚಾಳಿನಿಂದಲೋ ಬಂದ ಕನ್ನಡದ ಮುದುಕಿಯೊಬ್ಬಳ ಪ್ರಲಾಪವನ್ನು ಅರ್ಥಮಾಡಿಕೊಳ್ಳುವವರು ಹಾಸಿಗೆಯ ಬಳಿ ಇರುವರೇ ಎಂಬುದು ನಮ್ಮ ಜನರೆಲ್ಲರ ಪ್ರಶ್ನೆ. ನುರಿತ ದಾದಿಯ ಬೆಲೆ ಇಲ್ಲಿ ತಿಳಿಯುತ್ತದೆ. ಬಹುಭಾಷೆಯ ವಾರ್ಡುಗಳಲ್ಲಿ ವರ್ಷಗಟ್ಟಲೆ ದುಡಿದವಳ ಕಿವಿ ಆ ಮಾತುಗಳಿಗೆ ಆಗಲೇ ಪಳಗಿದೆ. ಕೇಳಿದುದನ್ನು ರೋಗಲಕ್ಷಣವಾಗಿ ಗುರುತಿಸುವ ಶಾಸ್ತ್ರವನ್ನು ಎರಡನೆಯ ವಿದ್ಯಾಭ್ಯಾಸವು ಸೇರಿಸುತ್ತದೆ.

೫

ಮುಂದಿನ ದಶಕಗಳಲ್ಲಿ ಈ ಶಿಕ್ಷಣವು ಹಲವು ಕವಲುಗಳಾಗಿ ಹರಿಯಿತು. ೧೯೬೫ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ಮನೋರೋಗ ಶುಶ್ರೂಷೆಯನ್ನು ಪದವಿ ತರಗತಿಯ ಪಾಠಗಳಲ್ಲಿ ಸೇರಿಸಿತು. ೧೯೮೬ರಲ್ಲಿ ಸಾಮಾನ್ಯ ಶುಶ್ರೂಷಾ ಡಿಪ್ಲೊಮಾದಲ್ಲಿಯೂ ಅದು ಕಡ್ಡಾಯವಾಯಿತು. ೧೯೭೪ರ ಡಿಸೆಂಬರ್ ೨೭ರಂದು ಬೆಂಗಳೂರಿನ ಆಸ್ಪತ್ರೆ, ಸಂಸ್ಥೆಗಳೆರಡೂ ಕೂಡಿ ಇಂದು ನಿಮ್ಹಾನ್ಸ್ ಎಂದು ಮನೆಮಾತಾದ ಸಂಸ್ಥೆಯಾಯಿತು. ಒಂದು ವರ್ಷದ ಉತ್ತರ-ಡಿಪ್ಲೊಮಾವೆಂಬ ಮಾದರಿಯು ಹೃದ್ರೋಗ, ಅರ್ಬುದ, ನರರೋಗ, ನವಜಾತ ಶಿಶುಗಳ ಆರೈಕೆ, ತೀವ್ರನಿಗಾ ಮುಂತಾದ ಶಾಖೆಗಳಿಗೂ ಹಬ್ಬಿತು. ನೋಂದಣಿ ಮತ್ತು ವಾರ್ಡಿನ ಅನುಭವ, ಇವೆರಡೂ ಇದ್ದವರಿಗೇ ಪ್ರವೇಶವೆಂಬುದು ಇವುಗಳ ಸಾಮಾನ್ಯ ನಿಯಮ.

ಆದರೂ ೧೯೯೯ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನಿಮ್ಹಾನ್ಸಿನ ನೆರವಿನಿಂದ ೩೭ ಸರಕಾರಿ ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿಯು, ಸೆರೆಮನೆಯ ಮಾದರಿಯ ಕಟ್ಟಡಗಳು ಇನ್ನೂ ಅನೇಕ ಕಡೆ ಉಳಿದಿರುವುದನ್ನೂ, ಮನೋರೋಗ ಶುಶ್ರೂಷೆಯಲ್ಲಿ ತರಬೇತಾದ ದಾದಿಯರು ಕೆಲವೇ ಆಸ್ಪತ್ರೆಗಳಲ್ಲಿ ಇರುವುದನ್ನೂ ಎತ್ತಿ ತೋರಿಸಿತು. ಬೆಂಗಳೂರಿನ ಮೊದಲ ತರಗತಿಯಿಂದ ನಾಲ್ಕು ದಶಕಗಳು ಕಳೆದಿದ್ದುವು.

ಇದಕ್ಕೆ ಕಾರಣಗಳು ಹಲವಾದರೂ ಅವುಗಳಲ್ಲಿ ಒಂದನ್ನು ಕಾಯಿದೆಯ ಅಕ್ಷರಗಳಲ್ಲಿಯೇ ಕಾಣಬಹುದು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಈ ಕ್ಷೇತ್ರದ ವೃತ್ತಿಗಳನ್ನು ಒಂದೊಂದಾಗಿ ನಿರೂಪಿಸುತ್ತದೆ. ಮನೋರೋಗ ಸಮಾಜಕಾರ್ಯಕರ್ತನಿಗೆ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ವಿಶೇಷ ವ್ಯಾಸಂಗ ಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞನಿಗೂ ವಿಶೇಷ ಶಿಕ್ಷಣ ಬೇಕು. ದಾದಿಯ ವಿಷಯದಲ್ಲಿ ಮಾತ್ರ, ಸಾಮಾನ್ಯ ಶುಶ್ರೂಷೆಯ ಅಥವಾ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಇಲ್ಲವೆ ಪದವಿ, ಯಾವುದಾದರೊಂದು ಇದ್ದು ನೋಂದಣಿಯಾಗಿದ್ದರೆ ಸಾಕು. ‘ಅಥವಾ’ ಎಂಬ ಒಂದು ಶಬ್ದದಿಂದ, ವರ್ಷಕಾಲ ಮನೆ ಬಿಟ್ಟು ಕಲಿತವಳೂ ಕಲಿಯದವಳೂ ಕಾಯಿದೆಯ ದೃಷ್ಟಿಯಲ್ಲಿ ಸಮಾನರಾದರು. ದಾದಿಯರು ಸಾಲದಿರುವ ದೇಶದಲ್ಲಿ ಬಾಗಿಲನ್ನು ಕಿರಿದುಮಾಡಬಾರದೆಂಬ ವಾದಕ್ಕೆ ಬೆಲೆಯಿದೆ. ಎಳೆಯ ವಯಸ್ಸಿನ ಮೂಲಶಿಕ್ಷಣದಲ್ಲಿಯೇ ಕೆಲವು ವಾರ ಮಾನಸಿಕ ಆಸ್ಪತ್ರೆಯನ್ನು ಕಂಡಿರುತ್ತಾರಲ್ಲ ಎಂದೂ ಕೆಲವರು ಹೇಳಬಹುದು. ಕೆಲವು ವಾರಗಳ ದರ್ಶನವೂ ಒಂದು ವರ್ಷದ ಅಭ್ಯಾಸವೂ ಒಂದೇ ಅಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ಬೇರೊಂದು ವೃತ್ತಿಯ ಉದಾಹರಣೆಯನ್ನು ನೋಡಬಹುದು. ಬ್ಯಾಂಕಿನ ನೌಕರರ ವಿದ್ಯಾಭ್ಯಾಸಕ್ಕಾಗಿ ೧೯೨೮ರಲ್ಲಿ ಮುಂಬಯಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕರ್ಸ್ ಎಂಬ ಸಂಸ್ಥೆ ಹುಟ್ಟಿತು. ಕೆಲಸದಲ್ಲಿದ್ದುಕೊಂಡೇ ಅದರ ಪರೀಕ್ಷೆಗಳನ್ನು ಮುಗಿಸಿದವರಿಗೆ ಹೆಚ್ಚಿನ ವಾರ್ಷಿಕ ಬಡ್ತಿಗಳು ಒಪ್ಪಂದದ ಪ್ರಕಾರ ದೊರೆಯುತ್ತವೆ. ಆದುದರಿಂದ ಓದುವವರ ಸಂಖ್ಯೆಗೆ ಎಂದೂ ಕೊರತೆಯಾಗಲಿಲ್ಲ. ಲೆಕ್ಕದ ಪುಸ್ತಕವನ್ನು ನೋಡಿಕೊಳ್ಳುವವನ ಎರಡನೆಯ ಕಲಿಕೆಗೆ ಲಿಖಿತ ಮಾನ್ಯತೆ ಸಿಕ್ಕಿದ್ದರೆ, ಮನಸ್ಸು ಕದಡಿದ ಮನುಷ್ಯನನ್ನು ನೋಡಿಕೊಳ್ಳುವವಳ ಕಲಿಕೆಗೆ ಅಷ್ಟಾದರೂ ಸಲ್ಲಬೇಡವೆ?

ಕೇಳಬೇಕಾದುದು ದೊಡ್ಡದೇನಲ್ಲ. ಪ್ರತಿಯೊಂದು ಮಾನಸಿಕ ವಾರ್ಡಿನ ಮೇಲ್ವಿಚಾರಣೆಗೆ ಉತ್ತರ-ಡಿಪ್ಲೊಮಾ ಪಡೆದ ದಾದಿಯೊಬ್ಬಳು ಇರತಕ್ಕದ್ದು. ವ್ಯಾಸಂಗದ ವರ್ಷದಲ್ಲಿ ಅವಳ ವೇತನ, ಹಿರಿತನಗಳಿಗೆ ಭಂಗ ಬರತಕ್ಕದ್ದಲ್ಲ. ಹಿಂದಿರುಗಿದವಳನ್ನು ಕಲಿತ ಕೆಲಸಕ್ಕೇ ನೇಮಿಸತಕ್ಕದ್ದು. ೧೯೪೭ರ ಶುಶ್ರೂಷಾ ಪರಿಷತ್ತಿನ ಕಾಯಿದೆಯ ಸ್ಥಾನವನ್ನು ತುಂಬಲೆಂದು ೨೦೨೩ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿದೆ. ಇಂಥ ನಿಯಮಗಳನ್ನು ಬರೆಯುವುದಕ್ಕೆ ಇದು ತಕ್ಕ ಸಂದರ್ಭ. ಠಾಣೆ, ಧಾರವಾಡಗಳ ಗೋಡೆಗಳನ್ನು ಕಟ್ಟಿದವರು ರೋಗಿಯನ್ನು ಊರಿನಿಂದ ದೂರವಿಡುವುದಕ್ಕಾಗಿ ಕಟ್ಟಿದರು. ಊರು ಬೆಳೆದು ಆ ಗೋಡೆಗಳನ್ನು ಸುತ್ತುವರಿದು ಬಹುಕಾಲವಾಗಿದೆ. ಒಳಗಿನ ಕಾವಲನ್ನು ಶುಶ್ರೂಷೆಯಾಗಿ ಮಾರ್ಪಡಿಸುವ ಕೆಲಸವು ೧೯೫೬ರಲ್ಲಿ ಕನ್ನಡ ನಾಡಿನಲ್ಲಿ ಕ್ರಮಬದ್ಧವಾಗಿ ಆರಂಭವಾಯಿತು. ಅದನ್ನು ಪೂರ್ಣಗೊಳಿಸುವ ಹೊಣೆ ಎರಡು ರಾಜ್ಯಗಳ ಮೇಲೆಯೂ ಸಮವಾಗಿ ಉಳಿದಿದೆ.