ಸೆಕೆಂಡ್ ಹ್ಯಾಂಡ್ ದೋಣಿಯಲ್ಲಿ ಭೂಮಿ ಸುತ್ತಿದವರು

ಇವತ್ತಿನ ಕಥೆ ಹಳೇ ಮಾಲಿನದ್ದು.

ಮೊದಲ ಸಲ ನಾನು ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಗೊಳ್ಳೋಕೆ ಹೋದಾಗ ಜೊತೆಗೆ ನಮ್ಮ ಸೋದರಮಾವ ಬಂದಿದ್ರು. ನಾನು ಬಣ್ಣ ನೋಡ್ತಾ ನಿಂತಿದ್ದೆ. ಅವರು ನೆಲಕ್ಕೆ ಬಗ್ಗಿ ಆಯಿಲ್ ಸೋರ್ತಿದೆಯಾ ಅಂತ ನೋಡ್ತಿದ್ರು. "ರೇಟು ಆಮೇಲೆ ಕೇಳೋ. ತಗೊಂಡ್ಮೇಲೆ ಇದಕ್ಕೆ ಎಷ್ಟು ಸುರೀಬೇಕು, ಅದನ್ನ ಮೊದಲು ಲೆಕ್ಕ ಹಾಕು" ಅಂದ್ರು.

ಸ್ಕೂಟರ್ ಕೈಕೊಟ್ಟರೆ ಗ್ಯಾರೇಜ್ ತನಕ ತಳ್ಳಬಹುದು. ಮಹಾಸಾಗರದ ಮಧ್ಯೆ ಹಾಯಿದೋಣಿ ಕೈಕೊಟ್ಟರೆ? ದಡ ಸಾವಿರ ಮೈಲಿ ದೂರ. ಆದರೂ ಹೊಸ ದೋಣಿ ಕಟ್ಟಿಸುವಷ್ಟು ದುಡ್ಡಿಲ್ಲದೆ, ಹಳೆಯದನ್ನೇ ನಂಬಿ ಹೊರಟವರಿದ್ದಾರೆ. ಅಂಥ ಎರಡು ದೋಣಿಗಳ ಕಥೆ ಹೇಳ್ತೀನಿ. ಎರಡನೆಯದು ಹುಟ್ಟಿದ್ದು ನಮ್ಮ ದೇಶದಲ್ಲೇ.

ಮೊದಲನೆಯದು 1892ರದ್ದು. ಜಾಗ ಅಮೆರಿಕದ ಮ್ಯಾಸಚೂಸೆಟ್ಸ್. ಜೋಶುವಾ ಸ್ಲೋಕಮ್ ಅನ್ನೋ ಕ್ಯಾಪ್ಟನ್‌ಗೆ ಆಗ ಕೆಲಸ ಇರಲಿಲ್ಲ. ಜೀವನಪೂರ್ತಿ ಹಾಯಿ ಹಡಗು ನಡೆಸಿದವರು, ಕಾಲ ಸ್ಟೀಮರ್‌ಗಳ ಕಡೆ ತಿರುಗಿತ್ತು. ಒಬ್ಬ ಹಳೇ ಗೆಳೆಯ, "ಫೇರ್‌ಹೇವನ್ ಊರಿಗೆ ಬಾ, ಹಡಗು ಕೊಡ್ತೀನಿ, ಸ್ವಲ್ಪ ರಿಪೇರಿ ಇದೆ ಅಷ್ಟೇ" ಅಂದ್ರು. ಹೋಗಿ ನೋಡಿದ್ರೆ ಅದು ನೀರಲ್ಲೇ ಇಲ್ಲ! ನೀರಿನಿಂದ ದೂರ, ಒಂದು ಹೊಲದಲ್ಲಿ ಆಸರೆ ಕೊಟ್ಟು ನಿಲ್ಲಿಸಿದ್ದ ಕೊಳೆತ ದೋಣಿ. ಹೆಸರು 'ಸ್ಪ್ರೇ'. ಏಳು ವರ್ಷದಿಂದ ಅಲ್ಲೇ ಇತ್ತು. ಊರಿನವರು ಇವರನ್ನು ಕಂಡು, ದೋಣಿ ಒಡೆದು ಹಾಕೋಕೆ ಬಂದಿರಬೇಕು ಅಂದುಕೊಂಡರು. ಇಲ್ಲ, ಮತ್ತೆ ಕಟ್ಟೋಕೆ ಬಂದೆ ಅಂದ್ರು ಸ್ಲೋಕಮ್.

ದೋಣಿ ಬಿಟ್ಟಿ. ಆದರೆ ರಿಪೇರಿ? ಸಾಮಾನಿಗೆ 553 ಡಾಲರ್ 62 ಸೆಂಟ್, ಜೊತೆಗೆ 13 ತಿಂಗಳ ಸ್ವಂತ ದುಡಿಮೆ. ಅಲ್ಲೇ ಓಕ್ ಮರ ಕಡಿದು ತಂದು, ಕೊಳೆತ ಒಂದೊಂದು ತುಂಡನ್ನೂ ಕಿತ್ತು ಹೊಸದು ಕೂರಿಸಿದರು. ಕೊನೆಗೆ ಹಳೆಯದು ಅಂತ ಹೆಚ್ಚೇನೂ ಉಳಿಯಲಿಲ್ಲ, ಹೆಸರು ಮಾತ್ರ ಅದೇ. 1895ರ ಏಪ್ರಿಲ್ 24ಕ್ಕೆ ಬಾಸ್ಟನ್‌ನಿಂದ ಹೊರಟರು. ದಾರಿ ಲೆಕ್ಕಕ್ಕೆ ಒಳ್ಳೆ ಗಡಿಯಾರ ಬೇಕು. ತಮ್ಮ ಹತ್ತಿರ ಇದ್ದದ್ದನ್ನು ಸರಿ ಮಾಡಿಸೋಕೆ 15 ಡಾಲರ್ ಕೇಳಿದರು ಅಂತ ಅದನ್ನು ಬಿಟ್ಟು, ಒಂದು ತಗಡಿನ ಗಡಿಯಾರ ಕೊಂಡರು. ಅದರ ಬೆಲೆ ಒಂದೂವರೆ ಡಾಲರ್. ಮುಖ ಒಡೆದಿತ್ತು ಅಂತ ಅಂಗಡಿಯವನು ಒಂದು ಡಾಲರ್‌ಗೆ ಕೊಟ್ಟ. ಆ ಗಡಿಯಾರ ಇಟ್ಟುಕೊಂಡು 46 ಸಾವಿರ ಮೈಲಿ ಸಾಗಿ 1898ರ ಜೂನ್ 27ಕ್ಕೆ ವಾಪಸ್ ಬಂದರು. ಒಬ್ಬರೇ ದೋಣಿಯಲ್ಲಿ ಭೂಮಿ ಸುತ್ತಿದ ಮೊದಲ ಮನುಷ್ಯ ಅವರು.

ಈಗ ಎರಡನೇ ದೋಣಿ. 1948, ಕಲ್ಕತ್ತಾ. ಕೇಂಬ್ರಿಜ್ ಅನ್ನೋ ಇಂಗ್ಲಿಷ್ ಮನುಷ್ಯ ಇಬ್ಬರು ಭಾರತೀಯ ಬಡಗಿಗಳ ಜೊತೆ ಸೇರಿ 36 ಅಡಿಯ ದೋಣಿ ಕಟ್ಟಿದರು. ಮರ ಪಡೌಕ್, ಅಂದ್ರೆ ನಮ್ಮ ಹೊನ್ನೆ ಮರದ ಹತ್ತಿರದ ನೆಂಟ. ಆ ಬಡಗಿಗಳು ದೋಣಿಯವರಲ್ಲ, ಬೀರು ಮೇಜು ಮಾಡುವವರು. ದೋಣಿಯ ಹೆಸರು 'ಲೈವ್ಲಿ ಲೇಡಿ'.

ಮುಂದೆ ಅದನ್ನು ಕೊಂಡವರು ಅಲೆಕ್ ರೋಸ್. ಇಂಗ್ಲೆಂಡಿನ ಸೌತ್‌ಸೀಯಲ್ಲಿ ಹಣ್ಣು ತರಕಾರಿ ಅಂಗಡಿ ಇಟ್ಟಿದ್ದವರು. ಹೊಸ ಹಾಯಿ ವ್ಯವಸ್ಥೆ, ಗಾಳಿಯಿಂದ ತಾನೇ ದಿಕ್ಕು ಹಿಡಿಯುವ ಚುಕ್ಕಾಣಿ ಹಾಕಿಸಿ 1964ರ ಅಟ್ಲಾಂಟಿಕ್ ಒಂಟಿ ರೇಸಿನಲ್ಲಿ ನಾಲ್ಕನೆಯವರಾಗಿ ಬಂದರು. 1966ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಇದಕ್ಕಂತಲೇ ಕಟ್ಟಿಸಿದ ಹೊಚ್ಚ ಹೊಸ ದೋಣಿಯಲ್ಲಿ ಭೂಮಿ ಸುತ್ತೋಕೆ ಹೊರಟಾಗ ರೋಸ್ ಕೂಡ ಹೊರಟರು. ಆದರೆ ಇವರ ದೋಣಿಗೆ ಹಡಗೊಂದು ಡಿಕ್ಕಿ ಆಯ್ತು. ರಿಪೇರಿಗೆ ನಿಲ್ಲಿಸಿದಲ್ಲಿ ನೀರಿಳಿದಾಗ ಪಕ್ಕಕ್ಕೆ ಉರುಳಿ ಇನ್ನಷ್ಟು ಪೆಟ್ಟು ಬಿತ್ತು. ಆ ವರ್ಷ ಹೋಯ್ತು. ಚಿಚೆಸ್ಟರ್ ಗೆದ್ದು ಬಂದರು, 'ಸರ್' ಆದರು.

ರೋಸ್ ದೋಣಿ ಮಾರಿಬಿಡಲಿಲ್ಲ. ಸರಿ ಮಾಡಿಸಿ 1967ರ ಜುಲೈ 16ಕ್ಕೆ ಮತ್ತೆ ಹೊರಟರು. ಡಿಸೆಂಬರ್‌ನಲ್ಲಿ ಮೆಲ್ಬರ್ನ್, ಅಲ್ಲಿ ಮಗನ ಭೇಟಿ. ಮುಂದೆ ಹಾಯಿಕಂಬದ ಜೋಡಣೆ ಕೈಕೊಟ್ಟಾಗ ನ್ಯೂಜಿಲೆಂಡಿನ ಬ್ಲಫ್ ಬಂದರಿಗೆ ಹೋಗಿ ರಿಪೇರಿ. ಆಮೇಲೆ ಕೇಪ್ ಹಾರ್ನ್. 1968ರ ಜುಲೈ 4ಕ್ಕೆ ಊರು ತಲುಪಿದಾಗ ದಡದಲ್ಲಿ ಲಕ್ಷಾಂತರ ಜನ. ಅವರಿಗೆ 60 ತುಂಬೋಕೆ ಒಂಬತ್ತು ದಿನ ಬಾಕಿ. ತರಕಾರಿ ಅಂಗಡಿಯವರೂ 'ಸರ್' ಆದರು.

ಹಳೇ ದೋಣಿ ಕೊಳ್ಳುವಾಗ ಇವತ್ತಿಗೂ ಸರ್ವೇಯರ್ ಅದನ್ನು ನೀರಿನಿಂದ ಮೇಲೆತ್ತಿಸಿ, ತೆಂಗಿನಕಾಯಿ ಬಡಿದು ನೋಡೋ ಹಾಗೆ ಸುತ್ತಿಗೆಯಿಂದ ಮೈಯೆಲ್ಲ ಬಡಿದು ಸದ್ದು ಕೇಳ್ತಾರೆ. ಗಟ್ಟಿ ಸದ್ದು ಬಂದರೆ ಸರಿ, ಬೊದ್ದು ಸದ್ದು ಬಂದರೆ ಒಳಗೇನೋ ಕೆಟ್ಟಿದೆ. ಆದರೆ ಆ ಸದ್ದು ಹೇಳೋದು ಆ ದಿನದ ಸ್ಥಿತಿ ಮಾತ್ರ. ನಾಳೆದು ಕೊಂಡವರ ಕೈಲಿ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಸ್ಲೋಕಮ್ ಕಥೆ ಇನ್ನೂ ಮುಗಿದಿಲ್ಲ. ಕೊನೇ ವರ್ಷಗಳಲ್ಲಿ ಸ್ಪ್ರೇ ನೋಡಿದವರು ಹಗ್ಗಗಳು ಸಡಿಲ, ದೋಣಿ ಗಲೀಜು ಅಂತ ಬರೆದಿದ್ದಾರೆ. 1909ರ ನವೆಂಬರ್‌ನಲ್ಲಿ ಸ್ಲೋಕಮ್ ಅದೇ ದೋಣಿಯಲ್ಲಿ ದಕ್ಷಿಣ ಅಮೆರಿಕದ ಕಡೆ ಹೊರಟರು. ಮನುಷ್ಯನೂ ಸಿಗಲಿಲ್ಲ, ದೋಣಿಯೂ ಸಿಗಲಿಲ್ಲ. ಏನಾಯ್ತು ಅಂತ ಯಾರಿಗೂ ಗೊತ್ತಿಲ್ಲ. ತನ್ನ ಕೈಯಾರೆ ಕಟ್ಟಿದ ದೋಣಿ ಅನ್ನೋ ನಂಬಿಕೆ, ಅದನ್ನು ಪ್ರತಿ ವರ್ಷ ಮತ್ತೆ ನೋಡಿಕೊಳ್ಳೋ ಕೆಲಸಕ್ಕೆ ಬದಲಿ ಅಲ್ಲ.

ಕಲ್ಕತ್ತಾದ ದೋಣಿ? ರೋಸ್ 1991ರಲ್ಲಿ ತೀರಿಕೊಂಡರು. ದೋಣಿಯನ್ನು ಬೇರೆ ಕೈಗಳು ನೋಡಿಕೊಂಡವು. 2006ರಿಂದ 2008ರವರೆಗೆ ಅದು ಇನ್ನೊಮ್ಮೆ ಭೂಮಿ ಸುತ್ತಿತು, ಈ ಸಲ ಕಷ್ಟದಲ್ಲಿ ಬೆಳೆದ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು. ಹೊತ್ತಿಗೆ ಅದರ ವಯಸ್ಸು 60.

ನಮ್ಮ ಮಾವನ ಮಾತಿಗೆ ನಾನೊಂದು ಸೇರಿಸ್ತೀನಿ. ಎಷ್ಟು ಸುರೀಬೇಕು ಅಂತ ಲೆಕ್ಕ ಹಾಕಿ, ಜೊತೆಗೆ ಎಷ್ಟು ವರ್ಷ ಸುರಿಯೋಕೆ ತಯಾರಿದೀರಿ ಅಂತಲೂ ಕೇಳ್ಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.