ನೂರು ಹೆಂಗಸರು, ಒಬ್ಬ ಗಂಡಸು, ಒಂದು ವ್ಯಾಕರಣ

ಮಧ್ಯ ಅಮೆರಿಕದ ಭೂಪಟದಲ್ಲಿ ಕೋಸ್ಟರಿಕಾ ಎಂಬ ಪುಟ್ಟ ದೇಶವಿದೆ. ಅಲ್ಲಿಂದ ಈಶಾನ್ಯಕ್ಕೆ, ಕೆರಿಬಿಯನ್ ಸಮುದ್ರದಲ್ಲಿ ಪೋರ್ಟೊರಿಕೊ ದ್ವೀಪ. ಎರಡೂ ಸ್ಪ್ಯಾನಿಷ್ ಹೆಸರುಗಳೇ. ಮೊದಲನೆಯದಕ್ಕೆ ಸಿರಿವಂತ ಕರಾವಳಿ ಎಂದು ಅರ್ಥ. ಎರಡನೆಯದಕ್ಕೆ ಸಿರಿವಂತ ಬಂದರು. ಸಿರಿ ಒಂದೇ ಆದರೂ ಒಂದು ಕಡೆ ‘ರಿಕಾ’, ಇನ್ನೊಂದು ಕಡೆ ‘ರಿಕೊ’ ಏಕೆ? ಸ್ಪ್ಯಾನಿಷ್ ಭಾಷೆಯಲ್ಲಿ ಕರಾವಳಿ ಸ್ತ್ರೀಲಿಂಗ, ಬಂದರು ಪುಲ್ಲಿಂಗ. ಗುಣವಾಚಕ ತನ್ನ ನಾಮಪದದ ಲಿಂಗವನ್ನೂ ವಚನವನ್ನೂ ಅನುಸರಿಸಲೇಬೇಕು. ಅರ್ಜೆಂಟೀನಾದ ರಾಜಧಾನಿ ‘ಬ್ಯೂನಸ್ ಐರಿಸ್’ ಎಂದರೆ ‘ಒಳ್ಳೆಯ ಗಾಳಿಗಳು’. ಗಾಳಿ ಬಹುವಚನವಾದ್ದರಿಂದ ‘ಒಳ್ಳೆಯ’ ಎಂಬ ಪದಕ್ಕೂ ಬಹುವಚನದ ‘ಸ್’ ಅಂಟಿಕೊಂಡಿದೆ.

ಕನ್ನಡಿಗರಿಗೆ ಇದು ವಿಚಿತ್ರವೆನಿಸಬಹುದು. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರಗಳು, ಹೀಗೆ ನಮ್ಮ ‘ಒಳ್ಳೆಯ’ ಯಾರಿಗೂ ಬಗ್ಗುವುದಿಲ್ಲ. ಆದರೆ ಶಾಲೆಯಲ್ಲಿ ಹಿಂದಿಯ ‘ಅಚ್ಛಾ, ಅಚ್ಛೀ’ಗಳ ನಡುವೆ ಅಂಕ ಕಳೆದುಕೊಂಡವರಿಗೆ ಈ ಕಷ್ಟದ ಪರಿಚಯ ಇದ್ದೇ ಇರುತ್ತದೆ.

ಸ್ಪ್ಯಾನಿಷ್‌ಗೆ ಈ ಪದ್ಧತಿ ಬಂದದ್ದು ತಾಯಿ ಲ್ಯಾಟಿನ್‌ನಿಂದ. ಲ್ಯಾಟಿನ್‌ನಲ್ಲಿ ಸಂಸ್ಕೃತದಂತೆಯೇ ಮೂರು ಲಿಂಗಗಳು: ಬೋನುಸ್, ಬೋನಾ, ಬೋನುಮ್. ಜನರ ಬಾಯಲ್ಲಿ ಪದಾಂತ್ಯಗಳು ಸವೆದಾಗ ಪುಲ್ಲಿಂಗಕ್ಕೂ ನಪುಂಸಕಕ್ಕೂ ವ್ಯತ್ಯಾಸ ಉಳಿಯಲಿಲ್ಲ. ನಪುಂಸಕ ಪದಗಳಲ್ಲಿ ಹೆಚ್ಚಿನವು ಪುಲ್ಲಿಂಗದ ಮನೆ ಸೇರಿದವು. ಕೆಲವಕ್ಕೆ ಬೇರೆಯೇ ಗತಿಯಾಯಿತು. ಎಲೆಗೆ ಲ್ಯಾಟಿನ್‌ನಲ್ಲಿ ‘ಫೋಲಿಯುಮ್’, ಎಲೆಗಳು ‘ಫೋಲಿಯಾ’. ಈ ನಪುಂಸಕ ಬಹುವಚನದ ಕೊನೆಯ ‘ಆ’ ಕೇಳಿದ ಜನ ಅದನ್ನು ಸ್ತ್ರೀಲಿಂಗ ಏಕವಚನವೆಂದೇ ತಿಳಿದರು. ಅದೇ ಇಂದಿನ ‘ಓಹಾ’. ಮರದ ತುಂಬ ಇದ್ದ ಎಲೆಗಳು ಒಂದೇ ಒಂದು ಹೆಣ್ಣೆಲೆಯಾಗಿಬಿಟ್ಟವು!

ಎಲ್ಲ ಗುಣವಾಚಕಗಳೂ ಹೀಗೆ ಗಂಡು–ಹೆಣ್ಣಾಗಿ ಒಡೆಯಲಿಲ್ಲ. ‘ಗ್ರಾಂದೆ’ (ದೊಡ್ಡ), ‘ವೆರ್ದೆ’ (ಹಸಿರು) ಮೊದಲಾದವು ಇಬ್ಬರಿಗೂ ಒಂದೇ ರೂಪ. ಅವುಗಳ ಲ್ಯಾಟಿನ್ ಮೂಲವೇ ಹಾಗಿತ್ತು. ‘ಎಸ್ಪಾನ್ಯೋಲ್’ ಎಂಬ ಪದಕ್ಕೂ ಹಿಂದೆ ಪ್ರತ್ಯೇಕ ಸ್ತ್ರೀರೂಪ ಇರಲಿಲ್ಲ. ‘ಎಸ್ಪಾನ್ಯೋಲಾ’ ಆಮೇಲೆ ಬಂದದ್ದು.

ಕಲಿಯುವವರನ್ನು ಕಾಡುವ ಇನ್ನೊಂದು ಪದ ‘ಆಗ್ವಾ’, ಅಂದರೆ ನೀರು. ಅದರ ಮುಂದೆ ಪುಲ್ಲಿಂಗದ ‘ಎಲ್’ ಕಾಣುತ್ತದೆ. ಆದರೆ ತಣ್ಣೀರು ‘ಎಲ್ ಆಗ್ವಾ ಫ್ರಿಯಾ’. ಗುಣವಾಚಕ ಮಾತ್ರ ಸ್ತ್ರೀಲಿಂಗ. ಈ ‘ಎಲ್’ ಹುಟ್ಟಿದ್ದು ಹಳೆಯ ಸ್ತ್ರೀರೂಪ ‘ಎಲಾ’ದಿಂದಲೇ. ಮುಂದಿನ ಪದದ ಒತ್ತುಳ್ಳ ‘ಆ’ದಲ್ಲಿ ಅದರ ಬಾಲ ಕರಗಿಹೋಯಿತು. ವೇಷ ನೋಡಿ ಮೋಸಹೋದವರಿಗೆ ಗುಣವಾಚಕವೇ ಗುಟ್ಟು ಬಿಟ್ಟುಕೊಡುತ್ತದೆ.

ಈ ಭಾಷೆಗೆ ಮೊದಲ ವ್ಯಾಕರಣ ಬರೆದವರು ಆಂತೋನಿಯೊ ದೆ ನೆಬ್ರಿಹಾ. ಕೊಲಂಬಸ್ ಹಡಗೇರಿದ 1492ರಲ್ಲೇ ಸಾಲಮಾಂಕಾ ನಗರದಲ್ಲಿ ಅಚ್ಚಾದ ಆ ಪುಸ್ತಕ ರಾಣಿ ಇಸಬೆಲ್‌ಗೆ ಅರ್ಪಿತ. ನೆಬ್ರಿಹಾ ಲ್ಯಾಟಿನ್ ಪಂಡಿತರ ಜಾಡಿನಲ್ಲೇ ನಡೆದು ಏಳು ಬಗೆಯ ಲಿಂಗಗಳನ್ನು ಎಣಿಸಿದರು. ಬಳಕೆಯಲ್ಲಿ ನಾಮಪದಗಳಿಗೆ ಗಟ್ಟಿಯಾಗಿ ಉಳಿದದ್ದು ಎರಡೇ.

ಜಗಳ ಇರುವುದೂ ಆ ಎರಡರ ನಡುವೆಯೇ. ನೂರು ಹೆಂಗಸರು ದಣಿದಿದ್ದರೆ ಅವರು ‘ಕಾನ್ಸಾದಾಸ್’. ಆ ಗುಂಪಿಗೆ ಒಬ್ಬ ಗಂಡಸು ಬಂದು ಕುಳಿತರೆ ಸಾಕು, ಎಲ್ಲರೂ ‘ಕಾನ್ಸಾದೋಸ್’! ಪುಲ್ಲಿಂಗ ಎಲ್ಲರನ್ನೂ ಒಳಗೊಳ್ಳುವ ಸಾಮಾನ್ಯ ರೂಪ, ಇದರಲ್ಲಿ ಅವಮಾನವೇನೂ ಇಲ್ಲ ಎನ್ನುವುದು 1713ರಲ್ಲಿ ಸ್ಥಾಪನೆಯಾದ ಸ್ಪ್ಯಾನಿಷ್ ರಾಜ ಅಕಾಡೆಮಿಯ ನಿಲುವು. ಸ್ತ್ರೀವಾದಿಗಳು ಒಪ್ಪುವುದಿಲ್ಲ. 2018ರಲ್ಲಿ ಸ್ಪೇನಿನ ಆಗಿನ ಉಪಪ್ರಧಾನಿ ಕಾರ್ಮೆನ್ ಕಾಲ್ವೊ, ಸಂವಿಧಾನದ ಭಾಷೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಅಕಾಡೆಮಿಯನ್ನೇ ಕೇಳಿದರು. 2020ರ ಜನವರಿಯಲ್ಲಿ ಬಂದ ಉತ್ತರ: ಸಂವಿಧಾನದ ವ್ಯಾಕರಣದಲ್ಲಿ ತಪ್ಪಿಲ್ಲ.

ಯುವಜನರು ಕಾಯಲಿಲ್ಲ. ‘ತೋದೋಸ್’, ‘ತೋದಾಸ್’ ಎರಡನ್ನೂ ಬಿಟ್ಟು ‘ತೋದೆಸ್’ ಎಂದು ಹೇಳತೊಡಗಿದರು. ಎಲ್ಲಿಂದಲೋ ತಂದ ‘ಎ’ಕಾರ ಎಂದು ಹೀಯಾಳಿಸುವವರು ‘ಗ್ರಾಂದೆ’, ‘ವೆರ್ದೆ’ಗಳನ್ನು ನೆನೆಯುವುದು ಒಳ್ಳೆಯದು, ಎರಡೂ ಲಿಂಗಕ್ಕೆ ಸಲ್ಲುವ ‘ಎ’ ಆ ಭಾಷೆಯ ಮನೆಯೊಳಗೇ ಇದೆ. ಆದರೂ ಬ್ಯೂನಸ್ ಐರಿಸ್ ನಗರಾಡಳಿತ 2022ರಲ್ಲಿ ಶಾಲೆಗಳ ಪಾಠದಲ್ಲಿ ಇಂಥ ರೂಪಗಳನ್ನು ನಿಷೇಧಿಸಿತು. 2024ರಲ್ಲಿ ಅರ್ಜೆಂಟೀನಾ ಸರ್ಕಾರ ತನ್ನ ಕಚೇರಿಗಳಿಗೂ ಇಂಥದೇ ನಿಷೇಧ ಹೇರಿತು.

ಅಂದಹಾಗೆ, ತೀರ್ಪು ಕೊಡುವ ಅಕಾಡೆಮಿಯ ಹೆಸರು ‘ರೆಯಾಲ್ ಅಕಾದೆಮಿಯಾ ಎಸ್ಪಾನ್ಯೋಲಾ’. ಅಕಾಡೆಮಿ ಸ್ತ್ರೀಲಿಂಗವಾದ್ದರಿಂದ ಗುಣವಾಚಕವೂ ‘ಎಸ್ಪಾನ್ಯೋಲಾ’ ಎಂದೇ ಇದೆ. ಕಾದಂಬರಿಕಾರ್ತಿ ಎಮಿಲಿಯಾ ಪಾರ್ದೊ ಬಾಸಾನ್‌ಗೆ 1912ರಲ್ಲೂ ಅದರ ಬಾಗಿಲು ತೆರೆಯಲಿಲ್ಲ. ಅಲ್ಲಿ ಪೂರ್ಣ ಸದಸ್ಯತ್ವದ ಪೀಠಕ್ಕೆ ಆಯ್ಕೆಯಾದ ಮೊದಲ ಮಹಿಳೆ ಕವಯಿತ್ರಿ ಕಾರ್ಮೆನ್ ಕೋಂದೆ, 1978ರಲ್ಲಿ.