ಲೋಣಾವಳಾದಲ್ಲಿ ಕೇಳಿದ ಅರಾಮಿಕ್

ಪುಣೆಯ ಐಟಿಯವರಿಗೆ ಲೋಣಾವಳಾ ಎಂದರೆ ಮಳೆ, ಚಿಕ್ಕಿ, ಟೀಮ್ ಔಟಿಂಗ್. ನನಗೂ ಅಷ್ಟೇ ಆಗಿತ್ತು. 2019ರ ಏಪ್ರಿಲ್ 19ರ ಶುಕ್ರವಾರ, ಚೈತ್ರದ ಹುಣ್ಣಿಮೆಯ ರಾತ್ರಿ, ತುಂಗಾರ್ಲಿಯ ಒಂದು ಹಳೆಯ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಮನೆಯೊಡೆಯರು ನನ್ನ ಮೊದಲ ಕೆಲಸದಲ್ಲಿ ಹಿರಿಯ ಸಹೋದ್ಯೋಗಿಯಾಗಿದ್ದವರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು. ಬೆನೆ ಇಸ್ರೇಲ್ ಸಮುದಾಯದವರು, ಅಂದರೆ ಕೊಂಕಣದ ಯೆಹೂದಿಗಳು, ಮನೆಮಾತು ಮರಾಠಿ. ಹೆಂಡತಿ ಮಕ್ಕಳು ರಜೆಗೆ ಊರಿಗೆ ಹೋಗಿ ನಾನೊಬ್ಬನೇ ಇದ್ದೇನೆಂದು ತಿಳಿದು ಫೋನ್ ಮಾಡಿದ್ದರು: "ನಾಳೆ ನಮ್ಮ ಹಬ್ಬ. ಬಂದುಬಿಡು. ಊಟ ತಡವಾಗುತ್ತೆ, ಮೊದಲು ಕಥೆ ಓದಬೇಕು."

ಹಬ್ಬ ಪಸ್ಕ, ಕಥೆ ಐಗುಪ್ತದ ದಾಸ್ಯದಿಂದ ಬಿಡುಗಡೆಯಾದದ್ದು. ಕನ್ನಡ ಬೈಬಲ್ಲಿನಲ್ಲಿ ಈ ಕಥೆ ಬರುವ ಪುಸ್ತಕಕ್ಕೆ 'ವಿಮೋಚನಕಾಂಡ' ಎಂದು ಹೆಸರು. ಹೀಬ್ರೂವಿನಲ್ಲಿ ಅದರ ಹೆಸರಿನ ಅರ್ಥ ಬರೀ 'ಹೆಸರುಗಳು', ಗ್ರೀಕಿನಲ್ಲಿ 'ಹೊರಹೋಗುವಿಕೆ'. ಬಿಡುಗಡೆಯನ್ನು ತಲೆಬರಹದಲ್ಲೇ ಇಟ್ಟವರು ನಮ್ಮವರು. ಕಥೆಯನ್ನು ಮನೆಯಲ್ಲಿ ಓದುವ ಕ್ರಮವನ್ನು ಹೇಳುವ ಹೊತ್ತಗೆ 'ಹಗ್ಗದಾ'. ಅದು ಬಹುಪಾಲು ಹೀಬ್ರೂ. ಆದರೆ ಕಾಕಾ ಹುಳಿಯಿಲ್ಲದ ರೊಟ್ಟಿಯ ತಟ್ಟೆ ಎತ್ತಿ ಹಿಡಿದು ಓದಿದ ಮೊದಲ ಮಾತುಗಳು ಹೀಬ್ರೂ ಅಲ್ಲ, ಅರಾಮಿಕ್. ಆಮೇಲೆ ಕಾಕೂ ಅದನ್ನೇ ಮರಾಠಿಯಲ್ಲಿ ಓದಿದರು.

ಕಾಕೂ ಕೈಯಲ್ಲಿದ್ದದ್ದು 1874ರಲ್ಲಿ ಪುಣೆಯಲ್ಲಿ ಅಚ್ಚಾದ ಹಗ್ಗದಾದ ಮರುಮುದ್ರಣ. ಒಂದು ಕಡೆ ಮೂಲ, ಇನ್ನೊಂದು ಕಡೆ ಮರಾಠಿ. ಅದರ ಚಿತ್ರದಲ್ಲಿ ಹಬ್ಬದ ರೊಟ್ಟಿ ಮಾಡುತ್ತಿರುವ ಹೆಂಗಸರು ಸೀರೆ ಉಟ್ಟು ನೆಲದ ಮೇಲೆ ಕುಳಿತಿದ್ದಾರೆ. ಇದಕ್ಕೂ ಮುಂಚೆ 1846ರಲ್ಲಿ ಮುಂಬಯಿಯಲ್ಲಿ ಒಂದು ಮರಾಠಿ ಹಗ್ಗದಾ ಬಂದಿತ್ತು. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಗಾಣ ತಿರುಗಿಸಿಕೊಂಡು, ಶನಿವಾರ ರಜೆ ಮಾಡುತ್ತಿದ್ದರಿಂದ 'ಶನಿವಾರ್ ತೇಲಿ' ಎನಿಸಿಕೊಂಡಿದ್ದ ಈ ಜನರಿಗೆ ಹೀಬ್ರೂ ಬಹುಮಟ್ಟಿಗೆ ಮರೆತೇಹೋಗಿತ್ತು. ಅದನ್ನು ಅವರಿಗೆ ಮತ್ತೆ ಕಲಿಸಿದವರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ ಒಬ್ಬರು. 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದರು. ಪಾದ್ರಿಯ ಉದ್ದೇಶ ಮತಾಂತರ. ಕಲಿತವರು ಆ ಭಾಷೆಯಿಂದ ತಮ್ಮ ಧರ್ಮವನ್ನೇ ಇನ್ನಷ್ಟು ಗಟ್ಟಿ ಮಾಡಿಕೊಂಡರು.

ಆ ರಾತ್ರಿ ನನ್ನ ಕಿವಿಗೆ ಮೊದಲು ಬಿದ್ದದ್ದು 'ಲಹ್ಮಾ ಅನ್ಯಾ'. ಅನ್ಯಾ ಎಂದರೆ ಪರರದು, ಪರರ ಅನ್ನದ ವಿಷಯ ಎಂದುಕೊಂಡೆ. ಸಂಸ್ಕೃತದ ಕಿವಿ ಇಂಥ ಮೋಸ ಮಾಡುತ್ತದೆ. ಅರಾಮಿಕ್‌ನಲ್ಲಿ 'ಅನ್ಯಾ' ಅಂದರೆ ಬಡತನದ್ದು, ನೊಂದದ್ದು. 'ಲಹ್ಮಾ' ರೊಟ್ಟಿ. ಬೇತ್ಲೆಹೇಮಿನ 'ಲೆಹೇಮ್' ಇದರ ಹೀಬ್ರೂ ಅಣ್ಣ. ಅರಬ್ಬಿಗೆ ಹೋದಾಗ ಅದೇ ಪದ 'ಲಹ್ಮ್' ಆಗಿ ಮಾಂಸವಾಯಿತು. ಯಾವ ಜನಕ್ಕೆ ಯಾವುದು ಮುಖ್ಯ ಆಹಾರವೋ ಪದ ಅದರ ಮೇಲೆ ಕುಳಿತಿರಬೇಕು. ಕನ್ನಡಕ್ಕೆ ನನ್ನನ್ನು ಕೇಳಿದರೆ 'ಬಡವರ ಕೂಳು' ಎನ್ನುತ್ತೇನೆ. ಹಳಗನ್ನಡದಲ್ಲಿ ಮರ್ಯಾದೆಯ ಪದವಾಗಿದ್ದ ಕೂಳು ಈಗ ಬೈಗುಳದ ಪಕ್ಕಕ್ಕೆ ಬಂದು ನಿಂತಿದೆ, ಅದರಲ್ಲೇ 'ಅನ್ಯಾ'ದ ನೋವೂ ಇದೆ.

ಬಿಡುಗಡೆಯ ಕಥೆಯನ್ನು ಮೋಶೆಯ ಭಾಷೆ ಬಿಟ್ಟು ಅರಾಮಿಕ್‌ನಲ್ಲಿ ಯಾಕೆ ಶುರು ಮಾಡಬೇಕು? ಅರಾಮಿಕ್ ಬೀದಿಯ ಮತ್ತು ಕಚೇರಿಯ ಭಾಷೆಯಾಗಿತ್ತು. ಪರ್ಷಿಯಾದ ಅಕೆಮೆನಿದ್ ಸಾಮ್ರಾಜ್ಯ ಅದನ್ನು ಸಿಂಧೂ ದಡದವರೆಗೆ ತಂದಿತ್ತು. ಕಂದಹಾರದಲ್ಲಿ ಅಶೋಕ ಗ್ರೀಕ್ ಜೊತೆ ಅರಾಮಿಕ್‌ನಲ್ಲೂ ಶಾಸನ ಹಾಕಿಸಿದ್ದಾನೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೂ ಅದರ ನೆರಳು ಬಿದ್ದಿದೆ. ಅಲ್ಲಿಯ ಅಶೋಕನ ಶಾಸನದ ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನು ಮಾತ್ರ ಬ್ರಾಹ್ಮಿ ಬಿಟ್ಟು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಅರಾಮಿಕ್ ಲಿಪಿಯ ಮಗಳು. ಚಳ್ಳಕೆರೆಯ ಶಾಲೆಯಿಂದ ಅಲ್ಲಿಗೆ ಪ್ರವಾಸ ಹೋಗಿದ್ದಾಗ ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಬಂಡೆಯ ಮುಂದೆ ಚಿತ್ರಾನ್ನ ತಿಂದು ಬಂದಿದ್ದೆವು.

ಬಾಬಿಲೋನಿಯಾದ ಯೆಹೂದಿಗಳಿಗೆ ಅರಾಮಿಕ್ ಮನೆಮಾತಾಯಿತು. ಸಭಾಮಂದಿರದಲ್ಲಿ ಹೀಬ್ರೂ ವಚನ ಓದಿದ ಮೇಲೆ ಜನಕ್ಕೆ ತಿಳಿಯಲೆಂದು ಅರಾಮಿಕ್ ಅನುವಾದ ಹೇಳುತ್ತಿದ್ದರು. ಅಂಥ ಅನುವಾದಗಳಲ್ಲಿ ಓಂಕೆಲೋಸನದ್ದು ಪ್ರಸಿದ್ಧ. ಅದರಲ್ಲಿ ಎರಡು ಪದ ನೋಡಿ. ಸಾವು ಐಗುಪ್ತದ ಮನೆಮನೆಗೆ ಬಂದ ರಾತ್ರಿ, ಗುರುತು ಹಚ್ಚಿದ ಮನೆಗಳನ್ನು ದೇವರು 'ದಾಟಿ ಹೋದ' ಎಂದು ನಾವು ಸಾಮಾನ್ಯವಾಗಿ ಓದುವ ಕಡೆ, ಓಂಕೆಲೋಸ್ 'ಕನಿಕರಿಸಿದ' ಎಂಬರ್ಥದ ಕ್ರಿಯಾಪದ ಹಾಕುತ್ತಾನೆ. ಸಮುದ್ರದ ದಡದಲ್ಲಿ ಮೋಶೆ ಜನರಿಗೆ ಧೈರ್ಯ ಹೇಳುವಾಗ ಬರುವ ರಕ್ಷಣೆಗೆ ಅವನ ಪದ 'ಪುರ್ಕಾನಾ'. ಅದರ ಧಾತುವಿಗೆ ಬಿಚ್ಚು, ಹೊರೆ ಇಳಿಸು ಎಂಬ ಅರ್ಥಗಳಿವೆ. ನೊಗ ಕಳಚಿದಂತೆ. ಕುರಾನಿನ 'ಫುರ್ಕಾನ್' ಪದಕ್ಕೂ ಇದಕ್ಕೂ ನಂಟಿದೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ನನ್ನ ಟೀಮಿನ ಬೀದರ್ ಹುಡುಗನ ಹೆಸರು ಫುರ್ಕಾನ್. ಹೇಳಿದಾಗ ಅವನು ನಕ್ಕು, "ಸರ್, ರಿಲೀಸ್ ದಿನ ನನ್ನನ್ನೇ ಡ್ಯೂಟಿಗೆ ಹಾಕಿ ಈ ಅರ್ಥ ಹೇಳ್ತೀರಲ್ಲ" ಎಂದ.

ರೊಟ್ಟಿ ಎತ್ತಿ ಹೇಳುವ ಆ ಮಾತಿನಲ್ಲಿ ಎರಡು ಕರೆಗಳಿವೆ. ನನ್ನನ್ನು ಈವರೆಗೂ ಬಿಡದಿರುವುದು ಅವೇ. ಮೊದಲ ಕರೆ 'ಕಫಿನ್' ಆದವರಿಗೆ, ಅಂದರೆ ಹಸಿದವರಿಗೆ: ಬಂದು ಉಣ್ಣಿ. ಎರಡನೆಯದು 'ತ್ಸ್ರಿಖ್' ಆದವರಿಗೆ, ಅಂದರೆ ಬೇಕಿರುವವರಿಗೆ: ಬಂದು ಹಬ್ಬ ಮಾಡಿ. ಹಸಿವು ಬೇರೆ, ಬೇಕು ಬೇರೆ. ಊಟಕ್ಕೆ ಗತಿ ಇದ್ದೂ ಹಬ್ಬಕ್ಕೆ ಜನ ಇಲ್ಲದವನು ಎರಡನೆಯ ಸಾಲಿನವನು. ಪುಣೆಗೆ ಬಂದ ಮೊದಲ ಯುಗಾದಿಯಂದು ನಾನು ಹಾಗಿದ್ದೆ. ಮೆಸ್ಸಿನಲ್ಲಿ ಗುಡಿ ಪಾಡ್ವಾದ ಪೂರಣಪೋಳಿ, ಶ್ರೀಖಂಡ ಎಲ್ಲ ಇತ್ತು. ಹೊಟ್ಟೆ ತುಂಬ ತಿಂದು ಕೋಣೆಗೆ ಬಂದು ಅಮ್ಮನಿಗೆ ಫೋನ್ ಮಾಡಿ, ಬೇವುಬೆಲ್ಲ ತಿಂದೆ ಎಂದು ಸುಳ್ಳು ಹೇಳಿದೆ. ಅರಾಮಿಕ್ ಯಾಕೆ ಎಂಬುದಕ್ಕೆ ಹಳೆಯ ವ್ಯಾಖ್ಯಾನಕಾರರು ಕೊಡುವ ಕಾರಣ ಸರಳ: ಕರೆಯುವುದು ನಿಜವಾಗಿದ್ದರೆ ಕರೆಸಿಕೊಳ್ಳುವವನಿಗೆ ಅರ್ಥವಾಗುವ ಭಾಷೆಯಲ್ಲಿ ಕರೆಯಬೇಕಲ್ಲ. ರವ್ ಹೂನಾ ಎಂಬ ಬಾಬಿಲೋನಿಯಾದ ಗುರು ಊಟಕ್ಕೆ ಕೂರುವ ಮುನ್ನ ಬಾಗಿಲು ತೆರೆದು, ಬೇಕಿದ್ದವರು ಬನ್ನಿ ಎಂದು ಕೂಗುತ್ತಿದ್ದನೆಂದು ತಾಲ್ಮುದ್ ಹೇಳುತ್ತದೆ. ಅಲ್ಲೂ ಅದೇ ಧಾತುವಿನ ಪದ.

ಕೊನೆಗೆ ಮಾತು 'ಈ ವರ್ಷ', 'ಮುಂದಿನ ವರ್ಷ' ಎಂದು ಹೊರಳುತ್ತದೆ. ಈ ವರ್ಷ ಇಲ್ಲಿ, ಮುಂದಿನ ವರ್ಷ ನಮ್ಮ ನಾಡಿನಲ್ಲಿ. ಈ ವರ್ಷ ದಾಸರು, ಮುಂದಿನ ವರ್ಷ ಸ್ವತಂತ್ರರು ಎಂಬ ಭಾವ. ದಾಸರಿಗಿರುವ ಪದ 'ಅವ್ದೇ', ಅಬ್ದುಲ್ ಎಂಬ ಹೆಸರಿನ ಅಬ್ದ್ ಇದರ ನೆಂಟ. ಇಲ್ಲಿ 'ಈ ವರ್ಷ' ಎಂಬುದು ಎರಡೂ ಸಲ ಅರಾಮಿಕ್, 'ಮುಂದಿನ ವರ್ಷ' ಎಂಬುದು ಎರಡೂ ಸಲ ಹೀಬ್ರೂ. ಬಾಬಿಲೋನಿನ ಅಧಿಕಾರಿಗಳಿಗೆ ಅರ್ಥವಾಗದಿರಲೆಂದು ಬಿಡುಗಡೆಯ ಆಸೆಯನ್ನು ಹೀಬ್ರೂವಿನಲ್ಲಿ ಬಚ್ಚಿಟ್ಟರು ಎಂಬುದು ಪರಂಪರೆಯ ವಿವರಣೆ. ಆ ಭಾಗ ಬೇರೆ ಕಾಲದಲ್ಲಿ ಸೇರಿಕೊಂಡಿತು ಎನ್ನುವುದು ಇನ್ನೊಂದು. ಎರಡನೆಯದೇ ನಿಜವಿರಬಹುದು. ಆದರೆ ಹೊಟ್ಟೆಪಾಡಿನ ಇವತ್ತನ್ನು ಬಂದ ಊರಿನ ಭಾಷೆಯಲ್ಲೂ, ನಾಳೆಯನ್ನು ಬಿಟ್ಟ ಊರಿನ ಭಾಷೆಯಲ್ಲೂ ಹೇಳುವುದು ನಮಗೆ ಹೊಸದಲ್ಲ. ಇಡೀ ದಿನ ಇಂಗ್ಲಿಷು ಹಿಂದಿ ಮರಾಠಿಯಲ್ಲಿ ಕಳೆದು, ರಾತ್ರಿ ಕನ್ನಡದಲ್ಲಿ ಅಮ್ಮನಿಗೆ ನಾನು ಹೇಳುವ ಮಾತೂ ಅದೇ: "ಮುಂದಿನ ವರ್ಷ ಬಂದುಬಿಡ್ತೀನಮ್ಮ." ಹೀಗೆ ಹೇಳಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು.

ಕಾಕಾನನ್ನು ಕೇಳಿದೆ, ನೀವು ಯಾಕೆ ಹೋಗಲಿಲ್ಲ? 1948ರ ನಂತರ ಬೆನೆ ಇಸ್ರೇಲಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋಗಿಯೇಬಿಟ್ಟರು. ಅಲ್ಲಿ 1962ರಲ್ಲಿ ಧರ್ಮಗುರುಗಳು ಮದುವೆಯ ವಿಷಯದಲ್ಲಿ ಇವರ ವಂಶ ವಿಚಾರಿಸಬೇಕೆಂದರು. 1964ರವರೆಗೆ ಧರಣಿ ಕುಳಿತು ತಾವು ಪೂರ್ಣ ಯೆಹೂದಿಗಳೆಂದು ಒಪ್ಪಿಸಬೇಕಾಯಿತು. ಮುಂದೆ ಅದೇ ನಾಡಿನಲ್ಲಿ 'ಮಾಯ್‌ಬೋಲಿ' ಎಂಬ ಮರಾಠಿ ಪತ್ರಿಕೆಯನ್ನೂ ನಡೆಸಿದರು. ತಾಯ್ನುಡಿ ಎಂದು ಅರ್ಥ.

ಕಾಕಾ ಖರ್ಜೂರದ ಶಿರಾ ಬಡಿಸುತ್ತಾ, "ತಂಗಿ ಹೋದಳು, ಮಗ ಹೋದ. ಅವನು ಅಲ್ಲಿಂದ ಫೋನ್ ಮಾಡಿ, ಮುಂದಿನ ವರ್ಷ ಲೋಣಾವಳಾಕ್ಕೆ ಬರ್ತೀನಿ ಬಾಬಾ ಅಂತಾನೆ" ಎಂದರು.

"ಯಾವ ಭಾಷೇಲಿ?" ಎಂದೆ.

"ಮರಾಠೀಲೇ," ಎಂದು ಕಾಕೂ ಒಳಗಿನಿಂದ ಹೇಳಿದರು.